ಎಂಜಿನ್ ಇರಲಿ, ಮೊದಲು ತುಕ್ಕು ನೋಡಿ

ಬ್ರಿಟನ್ನಿಗೆ ಓದಲು, ದುಡಿಯಲು ಹೋದ ನಮ್ಮ ಹುಡುಗರಿಗೂ ಕ್ಯಾಂಪರ್ ವ್ಯಾನಿನ ಆಸೆ ಹತ್ತುತ್ತದೆ. ಹೊಸದರ ಬೆಲೆ ಕೈಗೆಟುಕದು. ಆಗ ಕಣ್ಣಿಗೆ ಬೀಳುವುದು ಜಪಾನಿನಿಂದ ಬಂದ ಹಳೆಯ ಮಜ್ದಾ ಬೊಂಗೊ ಫ್ರೆಂಡಿ. 1995ರಿಂದ 2005ರವರೆಗೆ ತಯಾರಾದ ಗಾಡಿ. ಗುಂಡಿ ಒತ್ತಿದರೆ ಚಾವಣಿ ಮೇಲೇಳುವ ಮಾದರಿಗಳೂ ಇವೆ. ಮರುಳಾಗದಿರುವುದು ಕಷ್ಟ!

ಇದರ ಎಂಜಿನ್ ಇರುವುದು ಮುಂದಿನ ಸೀಟುಗಳ ಕೆಳಗೆ. ಕೂಲಂಟ್ ಸೋರಿದರೆ ಬೇಗ ತಿಳಿಯದು. ಮುಳ್ಳು ಮೇಲೇರುವಷ್ಟರಲ್ಲಿ ಡೀಸೆಲ್ ಎಂಜಿನ್ನಿನ ಸಿಲಿಂಡರ್ ಹೆಡ್ ಬಿರುಕು ಬಿಟ್ಟಿರುವುದುಂಟು. ನಮ್ಮೂರ ಗ್ಯಾರೇಜಿನ ಲೆಕ್ಕ ಅಲ್ಲಿ ನಡೆಯದು. ಗಂಟೆಗಿಷ್ಟು ಎಂದು ಹಾಕುವ ಕೂಲಿಯೇ ಬೆನ್ನು ಮುರಿಯುತ್ತದೆ.

ಆದರೂ ಎಂಜಿನ್ ಕೆಟ್ಟಿತೆಂದ ಮಾತ್ರಕ್ಕೆ ಗಾಡಿಯನ್ನು ಗುಜರಿಗೆ ಹಾಕಬೇಕಿಲ್ಲ ಎಂಬುದು ನನ್ನ ವಾದ. ಹೆಡ್ ಬದಲಿಸಬಹುದು, ಎಂಜಿನ್ನನ್ನೇ ಬದಲಿಸಬಹುದು. ತೀರ್ಮಾನ ಆಗಬೇಕಾದದ್ದು ತುಕ್ಕಿನ ಮೇಲೆ. ಚಳಿಗಾಲದಲ್ಲಿ ಅಲ್ಲಿನ ರಸ್ತೆಗಳಿಗೆ ಉಪ್ಪು ಸುರಿಯುತ್ತಾರೆ. ಹಿಂದಿನ ಚಕ್ರದ ಸುತ್ತಲಿನ ತಗಡು, ಬಾಗಿಲ ಕೆಳಗಿನ ಸಿಲ್ ಒಳಗೊಳಗೇ ತಿಂದುಹೋಗುತ್ತವೆ. ವರ್ಷಕ್ಕೊಮ್ಮೆ ನಡೆಯುವ ಎಂಒಟಿ ತಪಾಸಣೆಯಲ್ಲಿ, ಸೀಟ್ ಬೆಲ್ಟ್ ಅಥವಾ ಸಸ್ಪೆನ್ಷನ್ ಬಿಗಿದ ಜಾಗದಿಂದ 30 ಸೆಂಟಿಮೀಟರ್ ಒಳಗೆ ಲೋಹ ತೀರಾ ಶಿಥಿಲವಾಗಿದ್ದರೆ ಗಾಡಿ ಫೇಲು. ಇದು ಬರೀ ಕಾಗದದ ನಿಯಮವಲ್ಲ, ಅಪಘಾತದಲ್ಲಿ ಬೆಲ್ಟ್ ಕಿತ್ತುಬಂದರೆ ಹೋಗುವುದು ಜೀವ.

ಹಾಗಾಗಿ ಎಂಜಿನ್ ಕೆಲಸಕ್ಕೆ ಮುಂಗಡ ಕೊಡುವ ಮೊದಲು ಗಾಡಿಯನ್ನು ಮೇಲೆತ್ತಿಸಿ ಅಡಿಭಾಗ ನೋಡಿ. ವೆಲ್ಡಿಂಗ್ ಖರ್ಚನ್ನು ಬೇರೆಯಾಗಿ ಬರೆಸಿಕೊಳ್ಳಿ. ತಗಡು ಗಟ್ಟಿಯಿದ್ದರೆ ಧೈರ್ಯವಾಗಿ ರಿಪೇರಿ ಮಾಡಿಸಿ, ಜೊತೆಗೆ ಕೂಲಂಟ್ ಇಳಿದರೆ ಕೂಗುವ ಅಲಾರಾಂ ಹಾಕಿಸಿ. ಟೊಳ್ಳಾಗಿದ್ದರೆ ಎಷ್ಟೇ ಪ್ರೀತಿಯಿದ್ದರೂ ಬಿಡಿಭಾಗಗಳ ಲೆಕ್ಕದಲ್ಲಿ ಮಾರಿಬಿಡಿ.