ಗಾಡಿ ಓಡಾಡದ ದಾರಿ ಅಂದ್ರೆ ಯಾರ ದಾರಿ?

ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಹೋದ ಭಾನುವಾರ ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿದ್ದೆ. ಶನಿವಾರ ಫ್ರೀಡಂ ಪಾರ್ಕ್‌ನಲ್ಲಿ ಧರಣಿ ಮುಗಿಸಿ, ರಾತ್ರಿ ಶ್ರೀರಾಮಪುರದ ಗೆಳೆಯರ ಮನೇಲಿ ಮಲಗಿ, ಮೊದಲನೇ ಚಿಕ್ಕಬಳ್ಳಾಪುರ ಬಸ್ಸಿಗೆ ಅಂತ ಬಂದಿದ್ದೆ. ಬಸ್ ಸ್ಟ್ಯಾಂಡ್ ಹೊರಗೆ ಒಬ್ಬ ಹುಡುಗ ಸೈಕಲ್ ಕ್ಯಾರಿಯರ್‌ಗೆ ಫ್ಲಾಸ್ಕ್ ಕಟ್ಟಿಕೊಂಡು ಟೀ ಮಾರ್ತಿದ್ದ. ಅವನ ಮುಂದೆ ಇನ್ನೂ ನಾಲ್ಕು ಸೈಕಲ್ ನಿಂತಿದ್ದವು. ಹೆಲ್ಮೆಟ್ಟು, ಬಿಗಿ ಚಡ್ಡಿ, ತಲೆಮೇಲೆ ಲೈಟು. ಸೈಕಲ್ ಬೆಲೆ ಎಷ್ಟು ಅಂತ ಕೇಳೋಕೆ ನಂಗೆ ಸಂಕೋಚ, ಟೀ ಹುಡುಗ ಕೇಳೇಬಿಟ್ಟ. ಲಕ್ಷದ ಮೇಲೆ ಅಂದ್ರು. ಅವನು ನಕ್ಕು ಇನ್ನೊಂದು ಲೋಟಕ್ಕೆ ಟೀ ಬಗ್ಗಿಸಿದ.

ಎಲ್ಲಿಗೆ ಹೊರಟ್ರಿ ಅಂದೆ. "ನಂದಿ ಕಡೆಗೆ ಸರ್. ಬೆಟ್ಟ ಹತ್ತಲ್ಲ, ಸಂಡೇ ಅಲ್ಲಿ ಬರೀ ಕಾರು. ಬೆಟ್ಟದ ಬುಡದಲ್ಲಿ ಗ್ರಾವೆಲ್ ರೂಟ್ ಇದೆ, ಫುಲ್ ಮಣ್ಣುದಾರಿ. ಒಂದೇ ಒಂದು ಗಾಡಿ ಎದುರಾಗಲ್ಲ" ಅಂತ ಒಬ್ಬರು ಫೋನ್ ತೋರಿಸಿದ್ರು. ಮ್ಯಾಪಿನ ಮೇಲೆ ಒಂದು ನೀಲಿ ಗೆರೆ. ನೋಡ್ತಾ ನೋಡ್ತಾ ಗುರುತು ಹತ್ತಿತು. ಕೆರೆ ಏರಿ, ಹುಣಸೆ ತೋಪು, ನಮ್ಮ ಕಾಲೋನಿ ಹಿಂಭಾಗ, ಅಲ್ಲಿಂದ ನಮ್ಮ ಸ್ಮಶಾನ. ನಮ್ಮಪ್ಪನ್ನ ಹೊತ್ತುಕೊಂಡು ಹೋದ ದಾರಿ ಅದು.

ಅವರಿಗೆ ಅದು ಗೊತ್ತಿರಲಿಲ್ಲ, ಗೊತ್ತಿರಬೇಕು ಅಂತಲೂ ಇಲ್ಲ. ಆದ್ರೆ ಬಸ್ಸು ಹತ್ತಿ ಕೂತ ಮೇಲೂ ಆ ಮಾತು ತಲೇಲಿ ಕೊರೀತಾನೇ ಇತ್ತು. ಒಂದೇ ಒಂದು ಗಾಡಿ ಎದುರಾಗಲ್ಲ.

ಹೌದು, ಎದುರಾಗಲ್ಲ. ಯಾಕೆ ಅಂದ್ರೆ ಬರೋಕೆ ನಾವು ಬೇಡಿಕೊಂಡ್ರೂ ಬರ್ಲಿಲ್ಲ. ನಮ್ಮೂರಿನ ಬಸ್ಸು ಅರಳಿಕಟ್ಟೆವರೆಗೆ ಬಂದು ತಿರುಗುತ್ತೆ. ಟಾರೂ ಅಲ್ಲಿಗೇ ನಿಲ್ಲುತ್ತೆ. ಅಲ್ಲಿಂದ ಕಾಲೋನಿಗೆ ಒಂದು ಕಿಲೋಮೀಟರ್ ಮಣ್ಣು. ಮಳೆಗಾಲದಲ್ಲಿ 108 ಆಂಬುಲೆನ್ಸ್ ಕಟ್ಟೆ ಹತ್ತಿರವೇ ನಿಂತು ಫೋನ್ ಮಾಡುತ್ತೆ, ತುಂಬು ಬಸುರಿಯನ್ನ ನಾವೇ ನಡೆಸಿಕೊಂಡು ಹೋಗ್ಬೇಕು. ಕರ್ನಾಟಕದ ಯಾವ ಹಳ್ಳಿಗೆ ಬೇಕಾದ್ರೂ ಹೋಗಿ, ಟಾರು ಎಲ್ಲಿ ಮುಗಿಯುತ್ತೆ ಅಂತ ನೋಡಿ. ಜಾತಿ ಗಣತಿಯವರು ಮನೆಮನೆಗೆ ಬಂದು ಕೇಳೋದೇ ಬೇಕಿಲ್ಲ. ನಗರದಿಂದ ಬಂದವರಿಗೆ ನೆಮ್ಮದಿ ಕೊಡೋ ಆ ನಿಶ್ಶಬ್ದ ಬೆಟ್ಟದಿಂದ ಇಳಿದು ಬಂದಿದ್ದಲ್ಲ, ಪಂಚಾಯ್ತಿ ಮೀಟಿಂಗ್‌ನಲ್ಲಿ ವರ್ಷವರ್ಷ ತೀರ್ಮಾನ ಆಗಿದ್ದು.

ಗ್ರಾವೆಲ್ ಅಂದ್ರೆ ಜಲ್ಲಿ. ನಮ್ಮ ಕಡೆ ಜಲ್ಲಿ ಅಂದ ತಕ್ಷಣ ನೆನಪಾಗೋದು ಸವಾರಿ ಅಲ್ಲ, ಕ್ವಾರಿ. 2021ರ ಫೆಬ್ರವರಿಯಲ್ಲಿ ಇದೇ ಚಿಕ್ಕಬಳ್ಳಾಪುರ ತಾಲ್ಲೂಕಿನ ಹಿರೇನಾಗವಲ್ಲಿ ಹತ್ತಿರ ಜಿಲೆಟಿನ್ ಸಿಡಿದು ಆರು ಜನ ಸತ್ತಿದ್ರು. ಇರಲಿ, ಅದು ಇನ್ನೊಂದು ಪೋಸ್ಟಿನ ವಿಷಯ.

ಸೈಕಲ್ ವಿಷಯಕ್ಕೆ ಬರ್ತೀನಿ. ನಮ್ಮಪ್ಪ ಚಿಕ್ಕವರಿದ್ದಾಗ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತರ್ತಿದ್ರಂತೆ. ಊರ ಬೀದಿ ಬಂದ ಕೂಡಲೇ ಇಳಿದು, ಚಪ್ಪಲಿ ಹ್ಯಾಂಡಲ್‌ಗೆ ಸಿಕ್ಕಿಸಿ, ಸೈಕಲ್ ತಳ್ಳಿಕೊಂಡು ಬೀದಿ ದಾಟಿ, ಆಮೇಲೆ ಹತ್ತಬೇಕಿತ್ತು. "ಬಾಡಿಗೆ ಕೊಟ್ಟಿದ್ದು ಗಂಟೆಗೆ, ಅದರಲ್ಲಿ ಕಾಲು ಗಂಟೆ ತಳ್ಳೋದೇ ಆಗೋದು" ಅಂತ ನಗ್ತಾ ಹೇಳ್ತಿದ್ರು. ಇದನ್ನ ಹಳೇ ಕಾಲದ ಕತೆ ಅಂದುಕೊಳ್ಳೋರಿಗೆ ಒಂದು ಮಾತು. ದಲಿತರು ಸಾರ್ವಜನಿಕ ಜಾಗದಲ್ಲಿ ಸೈಕಲ್, ಮೋಟಾರ್ ಸೈಕಲ್ ಹತ್ತೋದನ್ನ, ಚಪ್ಪಲಿ ಹಾಕೋದನ್ನ ತಡೆದ್ರೆ ಅದು ಅಪರಾಧ ಅಂತ ದೌರ್ಜನ್ಯ ತಡೆ ಕಾಯ್ದೆಗೆ ಸೇರಿಸಿದ್ದು 2015ರ ತಿದ್ದುಪಡಿಯಲ್ಲಿ, ಜಾರಿಗೆ ಬಂದಿದ್ದು 2016ರ ಜನವರಿ 26ಕ್ಕೆ. ನಡೀತಾ ಇದ್ದಿದ್ದಕ್ಕೇ ಅಲ್ವಾ ಬರೆಯಬೇಕಾಗಿ ಬಂದಿದ್ದು?

1893ರಲ್ಲಿ ತಿರುವಾಂಕೂರಿನಲ್ಲಿ ಅಯ್ಯನ್‌ಕಾಳಿ ಎತ್ತಿನ ಗಾಡಿ ಹತ್ತಿ ಸಾರ್ವಜನಿಕ ರಸ್ತೇಲಿ ಹೊರಟಿದ್ದು ವಾಯುವಿಹಾರಕ್ಕಲ್ಲ. 1983ರಲ್ಲಿ ಕಾನ್ಶಿರಾಂ ಸಾಹೇಬರು ಡಿಎಸ್-4 ಕಾರ್ಯಕರ್ತರನ್ನ ಕಟ್ಟಿಕೊಂಡು ಉತ್ತರ ಭಾರತದ ಊರೂರಿಗೆ ಸೈಕಲ್ ತುಳಿದಿದ್ದೂ ಫಿಟ್‌ನೆಸ್‌ಗಲ್ಲ. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡೋಕೆ ಶುರು ಮಾಡಿದಾಗ, ನಮ್ಮ ಕಾಲೋನಿ ಹೆಣ್ಣುಮಕ್ಕಳು ಊರ ಬೀದಿಯಲ್ಲಿ ಇಳಿಯದೇ ಬೆಲ್ ಹೊಡ್ಕೊಂಡು ಹೋಗಿದ್ದನ್ನ ನಾನೇ ನೋಡಿದ್ದೀನಿ. ಸೈಕಲ್ ಗಟ್ಟಿ ಇರಲಿಲ್ಲ, ಆರು ತಿಂಗಳಿಗೆ ಪೆಡಲ್ ಕಿತ್ತು ಬರ್ತಿತ್ತು, ಆದ್ರೂ ಹೋದ್ರು. ಕೊರೋನಾ ಕಾಲಕ್ಕೆ ಆ ಯೋಜನೆ ನಿಂತುಹೋಯ್ತು. ಆಗ ಸೈಕಲ್ ಪ್ರೇಮಿಗಳು ಯಾರೂ ಬೀದಿಗೆ ಬಂದಿದ್ದು ನಂಗೆ ನೆನಪಿಲ್ಲ. ನಾವೂ ಎಷ್ಟು ಗಟ್ಟಿಯಾಗಿ ಕೇಳಬೇಕಿತ್ತೋ ಅಷ್ಟು ಕೇಳಲಿಲ್ಲ, ಒಪ್ಪಿಕೊಳ್ಳೋಣ.

ಈಗ ಅಸಲಿ ವಿಷಯ. ಆ ನೀಲಿ ಗೆರೆ ನಮ್ಮ ಸ್ಮಶಾನ ದಾಟಿ ಇನ್ನೂ ಮುಂದಕ್ಕೆ ಹೋಗಿತ್ತು. ಅದು ಹೇಗೆ ಅಂತ ನಂಗೆ ಅರ್ಥ ಆಗಲಿಲ್ಲ. ಯಾಕೆ ಅಂದ್ರೆ ಎರಡು ವರ್ಷದ ಹಿಂದೆ ಅಲ್ಲೊಂದು ಲೇಔಟ್ ಎದ್ದು, ಬಂಡಿದಾರಿಗೆ ಅಡ್ಡ ಕಲ್ಲುಕಂಬ ನೆಟ್ಟು, ತಂತಿ ಬಿಗಿದು, ಗೇಟ್ ಹಾಕಿದ್ದಾರೆ. ದಾರಿಯಾಚೆ ನಮ್ಮವರ ತುಂಡು ಜಮೀನುಗಳಿವೆ, ಸರ್ಕಾರ ಕೊಟ್ಟ ಗ್ರಾಂಟ್ ಜಮೀನು. ರಾಗಿ ಹೊರೆ ತರೋಕೆ ಈಗ ಕೆರೆ ಸುತ್ತಿ ಬರಬೇಕು. ಗೇಟ್ ಹತ್ತಿರ ಹೋದ್ರೆ ಸೆಕ್ಯೂರಿಟಿಯವನು ಹೆಸರು ಕೇಳ್ತಾನೆ, ಯಾರ ಮಗ ಅಂತಾನೆ, ಆಮೇಲೆ ಸಾಹೇಬ್ರಿಲ್ಲ ಅಂತಾನೆ.

"ಅಲ್ಲೊಂದು ಗೇಟ್ ಇದೆಯಲ್ಲ, ಹೇಗೆ ಹೋಗ್ತೀರಿ?" ಅಂತ ಆ ಹುಡುಗರನ್ನ ಕೇಳಿದ್ದೆ. "ಗೇಟಾ? ನಮ್ಮನ್ನ ನೋಡಿದ್ರೆ ತೆಗೀತಾರಲ್ಲ ಸರ್" ಅಂದ್ರು. ಕೊಬ್ಬಿಲ್ಲದೆ, ತುಂಬಾ ಸಹಜವಾಗಿ ಅಂದ್ರು.

ಚಿಕ್ಕಮ್ಮ ತೀರಿಕೊಂಡಾಗ ಆಚೆ ಊರಿನ ನೆಂಟರು ಅದೇ ದಾರಿಯಲ್ಲಿ ಬರಬೇಕಿತ್ತು. ತೆಗೆಯಲಿಲ್ಲ. ಕೆರೆ ಸುತ್ತಿ ಬರೋ ಹೊತ್ತಿಗೆ ಮಣ್ಣು ಮುಚ್ಚಿ ಆಗಿತ್ತು.

ನಮ್ಮ ಕೆಲವು ಗೆಳೆಯರು ಈ ಸೈಕಲ್‌ನವರನ್ನ ಕಂಡ್ರೆ ಉರಿದುಬೀಳ್ತಾರೆ, ಕಾಮೆಂಟ್‌ನಲ್ಲಿ ಗೇಲಿ ಮಾಡ್ತಾರೆ. ನಂಗದು ಸರಿ ಕಾಣಲ್ಲ. ದಾರಿ ಮುಚ್ಚಿದ್ದು ಅವರಲ್ಲ. ಅವರು ಬರಲಿ, ಕಾಲೋನಿ ಮುಂದೆ ನಿಲ್ಲಲಿ, ನಮ್ಮ ಮನೇಲಿ ನೀರು ಕುಡೀಲಿ. ನಂದಿ, ಸ್ಕಂದಗಿರಿ, ಚನ್ನಗಿರಿ ಯಾರಪ್ಪನ ಸ್ವತ್ತೂ ಅಲ್ಲ. ಆದ್ರೆ "ಇಲ್ಲಿ ಸೈಕಲ್‌ಗೆ ಅಂತಲೇ ಪ್ರತ್ಯೇಕ ಟ್ರೇಲ್ ಮಾಡಿ, ಬೇರೆಯವರು ಬರದಂಗೆ ಕಾಯಿರಿ" ಅನ್ನೋ ಬೇಡಿಕೆ ಎದ್ದರೆ ನಾನು ಅಡ್ಡ ನಿಲ್ತೀನಿ. ಸ್ಕಂದಗಿರಿ ಹತ್ತೋಕೆ ಈಗಾಗಲೇ ಆನ್‌ಲೈನ್ ಟಿಕೆಟ್ ಬಂದಿದೆ. ಬುಡದ ದಾರಿಗೂ ಅದು ಬಂದ್ರೆ ಮೇಕೆ ಹೊಡ್ಕೊಂಡು ಹೋಗೋ ಹುಡುಗ ಯಾವ ಆ್ಯಪ್‌ನಲ್ಲಿ ಬುಕ್ ಮಾಡಬೇಕು?

ಈ ದಾರಿಗಳು ಪುಕ್ಕಟೆ ಬಿದ್ದಿರೋ ಮಣ್ಣಲ್ಲ. ಪ್ರತಿ ಹಳ್ಳಿಗೂ ಕಂದಾಯ ಇಲಾಖೆಯ ಗ್ರಾಮ ನಕಾಶೆ ಇದೆ. ಅದರಲ್ಲಿ ಜೋಡಿ ತುಂಡುಗೆರೆ ಇದ್ರೆ ಬಂಡಿದಾರಿ, ಒಂಟಿ ತುಂಡುಗೆರೆ ಇದ್ರೆ ಕಾಲುದಾರಿ. ಸಾರ್ವಜನಿಕ ದಾರಿಗೆ ಬಿಟ್ಟ ಜಾಗ ಬಿ ಖರಾಬು, ಅಂದ್ರೆ ಪಕ್ಕದ ಜಮೀನು ಕೊಂಡವನಿಗೆ ಅದರ ಮೇಲೆ ಹಕ್ಕಿಲ್ಲ. ಕಾಗದದ ಮೇಲೆ ಇಷ್ಟು ಸ್ಪಷ್ಟ. ಆದ್ರೆ ಅರ್ಜಿ ಕೊಟ್ಟಾಗ ಎದುರು ಪಾರ್ಟಿ ಹೇಳೋದು ಒಂದೇ ಮಾತು: "ಇಲ್ಲಿ ಯಾರೂ ಓಡಾಡ್ತಿರಲಿಲ್ಲ, ದಾರಿ ಎಂದೋ ಮುಚ್ಚಿಹೋಗಿತ್ತು." ನಮ್ಮ ಕಾಲೋನಿಯ ಇಪ್ಪತ್ತು ಜನ ಹೋಗಿ ಓಡಾಡ್ತಿದ್ವಿ ಸ್ವಾಮಿ ಅಂದ್ರೆ, ನಾವು ಯಾರೂ ಅಲ್ಲದವರ ಲೆಕ್ಕ.

ಹಂಗಾಗಿ ಸೈಕಲ್ ಗೆಳೆಯರಲ್ಲಿ ಒಂದು ಮನವಿ. ನಿಮ್ಮ ಫೋನಿನಲ್ಲಿರೋ ಆ ಗೆರೆ ನಿಮಗೆ ಭಾನುವಾರದ ನೆನಪು, ನಮಗೆ ಸಾಕ್ಷಿ. ಯಾವ ತಾರೀಕು, ಎಷ್ಟು ಗಂಟೆಗೆ, ಯಾವ ದಾರಿಯಲ್ಲಿ ಹೋದ್ರಿ ಅಂತ ಅದರಲ್ಲಿ ದಾಖಲಾಗಿದೆ. ನಕಾಶೆಗೆ ಅದನ್ನ ಹೊಂದಿಸಿ ತಹಶೀಲ್ದಾರ್ ಟೇಬಲ್ ಮೇಲೆ ಇಟ್ರೆ "ಯಾರೂ ಓಡಾಡ್ತಿರಲಿಲ್ಲ" ಅನ್ನೋ ಮಾತು ನಿಲ್ಲಲ್ಲ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 13 ಹಳ್ಳಿಗಳ 1777 ಎಕರೆಗೆ ಜನ ಮೂರು ವರ್ಷಕ್ಕೂ ಮೀರಿ ಕೂತರು, 2025ರ ಜುಲೈ 15ರಂದು ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಅಲ್ಲಿ ನಗರದ ಗೆಳೆಯರು ಜೊತೆ ನಿಂತಿದ್ರು. ಇದು ಅಷ್ಟು ದೊಡ್ಡದಲ್ಲ, ಹತ್ತು ಹನ್ನೆರಡು ಅಡಿ ಅಗಲದ ದಾರಿ.

ಲೇಔಟ್ ಏಳೋಕೆ ಮುಂಚೆ, ಅಂದ್ರೆ ಎರಡು ವರ್ಷಕ್ಕಿಂತ ಹಿಂದೆ ನಂದಿ ತಪ್ಪಲಿನ ಮಣ್ಣುದಾರಿಗಳಲ್ಲಿ ಸೈಕಲ್ ಹೊಡೆದವರು ಹಳೇ ರೈಡ್ ಫೈಲು, ಫೋಟೋ ಅಳಿಸಬೇಡಿ, ನಂಗೆ ಇನ್‌ಬಾಕ್ಸ್ ಮಾಡಿ. ಆ ನಾಲ್ವರ ನಂಬರ್ ತಗೊಳ್ಳೋದು ಮರೆತೆ. ಈ ಪೋಸ್ಟ್ ಅವರಿಗೆ ಮುಟ್ಟೋವರೆಗೂ ಶೇರ್ ಮಾಡಿ. ಮುಂದಿನ ಸಲ ಗೇಟ್ ಹತ್ತಿರ ಬಂದಾಗ ನಂಗೊಂದು ಫೋನ್ ಮಾಡಲಿ. ನಾವೂ ಒಂದಷ್ಟು ಜನ ಸೈಕಲ್ ತಗೊಂಡು ಹಿಂದೆ ನಿಂತಿರ್ತೀವಿ, ಗೇಟ್ ಯಾರಿಗೆ ತೆಗೀತಾರೋ ನೋಡೋಣ.