ಕಾಫಿಯ ಸಮ್ಮೇಳನವೂ ಕೊಯ್ಲಿನ ಕೈಯೂ

ಉದ್ಯಮ ಸಮ್ಮೇಳನಗಳೆಂದರೆ ಭಾಷಣ, ಭೋಜನ, ಭಾವಚಿತ್ರ ಇಷ್ಟೇ ಎಂದು ತಿಳಿದವರು ನಮ್ಮಲ್ಲಿ ಕಡಮೆಯಿಲ್ಲ. ಆದರೆ ಯಾವ ಯಂತ್ರ ಬರಬೇಕು, ಯಾವ ಗುಣಕ್ಕೆ ಎಷ್ಟು ಬೆಲೆ ಸಲ್ಲಬೇಕು, ಯಾವ ಕೆಲಸ ಉಳಿಯಬೇಕು ಎಂಬ ವಿಚಾರಗಳು ಮೊದಲು ಮಾತಿನ ರೂಪ ತಾಳುವುದು ಇಂಥ ಸಭೆಗಳಲ್ಲಿಯೇ. ಆದುದರಿಂದ ತಂತ್ರಜ್ಞಾನವನ್ನು ಬಲ್ಲ ಸ್ತ್ರೀಯರು ಅಲ್ಲಿ ಪಾಲ್ಗೊಳ್ಳುವ ವಿಷಯವನ್ನು ಮರ್ಯಾದೆಯ ಪ್ರಶ್ನೆಯೆಂದು ಮಾತ್ರ ಎಣಿಸದೆ, ಅನ್ನದ ಪ್ರಶ್ನೆಯೆಂದೂ ನೋಡತಕ್ಕದ್ದು.

ನಮ್ಮ ದೇಶದಲ್ಲಿ ಇದಕ್ಕೊಂದು ಹಿರಿಯ ನಿದರ್ಶನವುಂಟು. ಮದರಾಸಿನ ಗಿಂಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ವಿದ್ಯುತ್ ಇಂಜಿನಿಯರರಾದ ಎ. ಲಲಿತಾ ಅವರು 1964ರ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ನೆರೆದ ಮಹಿಳಾ ಇಂಜಿನಿಯರರ ಮತ್ತು ವಿಜ್ಞಾನಿಗಳ ಪ್ರಥಮ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಹೋಗಿದ್ದರು. ಯಾವ ಸಂಘದ ಪ್ರತಿನಿಧಿಯಾಗಿಯೂ ಅಲ್ಲ, ಸ್ವಂತ ಹೊಣೆಯ ಮೇಲೆ. ಬಾಗಿಲು ತೆರೆದಿದ್ದರೂ ಕಳುಹಿಸಿಕೊಡುವವರಿಲ್ಲದ ಆ ಸ್ಥಿತಿ ಇಂದಿಗೂ ಪೂರ್ತಿ ಅಳಿದಿಲ್ಲ. ಅದನ್ನು ಕಾಣಲು ನಮ್ಮ ಕಾಫಿ ಸೀಮೆಗೆ ಬಂದರೆ ಸಾಕು.

ತಂತ್ರಜ್ಞಾನವೆಂದೊಡನೆ ಇಂದು ಗಣಕಯಂತ್ರವೊಂದೇ ಕಣ್ಣ ಮುಂದೆ ನಿಲ್ಲುತ್ತದೆ. ಮಲ್ಲಂದೂರಿನ ತೋಟಗಳ ಕೊಯ್ಲನ್ನು ಕಂಡವರಿಗೆ ಇನ್ನೊಂದು ತಂತ್ರ ತಿಳಿಯದಿರದು. ಅರೇಬಿಕ ಗಿಡದ ಒಂದೇ ರೆಂಬೆಯ ಮೇಲೆ ಹಸಿರು, ಹಳದಿ, ಕೆಂಪು ಕಾಯಿಗಳು ಒಟ್ಟಿಗಿರುತ್ತವೆ. ರೆಂಬೆಗೆ ಪೆಟ್ಟಾಗದಂತೆ ಹದವಾಗಿ ಹಣ್ಣಾದುದನ್ನಷ್ಟೇ ಬಿಡಿಸಬೇಕು. ಬಲಿಯದ ಕಾಯಿ ಬಟ್ಟಲಿಗೆ ಒಗರು ತರುತ್ತದೆ; ಅತಿಯಾಗಿ ಹುದುಗಿದ ಒಂದು ಬೀಜ ಇಡೀ ಬಟ್ಟಲನ್ನೇ ಕೆಡಿಸೀತು. ಈ ವಿವೇಚನೆಯ ಬಹುಭಾಗ ಹೆಣ್ಣುಮಕ್ಕಳ ಕೈಯಲ್ಲಿದೆ. ಲೋಕದ ಕಾಫಿ ಉತ್ಪಾದನೆಯ ದುಡಿಮೆಯಲ್ಲಿ ಶೇಕಡ 70ರವರೆಗೂ ಸ್ತ್ರೀಯರ ಪಾಲೆಂದು ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯೇ 2018ರಲ್ಲಿ ಹೇಳಿದೆ.

ಇದೇ ವಿವೇಚನೆ ಪ್ರಯೋಗಾಲಯವನ್ನು ಸೇರಿದಾಗ ಶಾಸ್ತ್ರವೆನಿಸಿಕೊಳ್ಳುತ್ತದೆ. 1970ರ ದಶಕದ ಆದಿಯಲ್ಲಿ ಕಾಫಿ ಮಂಡಳಿಯನ್ನು ಸೇರಿದ ಸುನಾಲಿನಿ ಮೆನನ್ ಅವರು ರುಚಿಪರೀಕ್ಷೆಯನ್ನೇ ವೃತ್ತಿಯಾಗಿ ಕೈಕೊಂಡು, ಗುಣನಿಯಂತ್ರಣ ವಿಭಾಗದ ಮುಖ್ಯಸ್ಥರಾಗಿ, ಅನಂತರ ಬೆಂಗಳೂರಿನಲ್ಲಿ ಕಾಫಿಲ್ಯಾಬನ್ನು ಸ್ಥಾಪಿಸಿದರು. ಏಷ್ಯದ ಪ್ರಥಮ ಮಹಿಳಾ ಕಾಫಿ ರುಚಿಪರೀಕ್ಷಕರೆಂದು ಅವರಿಗೆ ಹೆಸರು. ಕಾಫಿ ಲೋಕದ ಸಭೆಗಳು ಅವರ ಮಾತಿಗೆ ಕಿವಿಗೊಟ್ಟಿವೆ. ಕೊಯ್ಲಿನವಳ ಬೆರಳು ಆರಂಭಿಸಿದ ತೀರ್ಪನ್ನೇ ರುಚಿಪರೀಕ್ಷಕಿಯ ನಾಲಗೆ ಮುಗಿಸುತ್ತದೆ. ಒಂದು ತುದಿಗೆ ವೇದಿಕೆ ದೊರೆತಿದೆ. ಇನ್ನೊಂದು ತುದಿ ತೋಟದಲ್ಲಿಯೇ ಉಳಿದಿದೆ.

ಇದರ ಫಲವೇನು? ಕಾಫಿ ಸಂಸ್ಕರಿಸುವ ಕ್ಯೂರಿಂಗ್ ಕಾರ್ಖಾನೆಗಳಲ್ಲಿ ಸಾಲಾಗಿ ಕುಳಿತು ಕರಿಬೀಜ, ಒಡಕುಬೀಜಗಳನ್ನು ಹೆಕ್ಕುತ್ತಿದ್ದವರು ಹೆಂಗಸರು. ಬಣ್ಣವನ್ನು ಗುರುತಿಸಿ, ಗಾಳಿಯ ಹೊಡೆತದಿಂದ ಕೆಟ್ಟ ಬೀಜವನ್ನು ಬೇರ್ಪಡಿಸುವ ಯಂತ್ರ ಇಂದು ಆ ಕೆಲಸಕ್ಕೆ ಬಂದಿದೆ. ಯಂತ್ರ ಬೇಡವೆಂಬುದು ನನ್ನ ವಾದವಲ್ಲ. ದಿನವೆಲ್ಲ ಬಗ್ಗಿ ಹೆಕ್ಕುವುದೇನೂ ಸುಖದ ದುಡಿಮೆಯಲ್ಲ. ಆದರೆ ಅದನ್ನು ನಡೆಸುವ ತರಬೇತಿ, ಅದುವರೆಗೆ ಬಣ್ಣವನ್ನು ಗುರುತಿಸುತ್ತಿದ್ದ ಕಣ್ಣುಗಳಿಗೇ ಮೊದಲು ದೊರೆಯಬಾರದೇಕೆ? ಕಳೆ ಕೊಚ್ಚುವ ಯಂತ್ರದ ಪಟ್ಟಿಯನ್ನು ಯಾರ ಹೆಗಲಿನ ಅಳತೆಗೆ ಹೊಲಿದರು? ತೋಟದಲ್ಲಿ ಹುಟ್ಟಿದ ಈ ಪ್ರಶ್ನೆಗಳು ತೋಟದಲ್ಲಿಯೇ ಸಾಯುತ್ತವೆ. ಸಭೆಯಲ್ಲಿ ಕೇಳಿದರೆ ಯಂತ್ರದ ತಯಾರಕನು ಉತ್ತರ ಹೇಳಬೇಕಾದೀತು.

2023ರ ಸೆಪ್ಟೆಂಬರಿನಲ್ಲಿ ವಿಶ್ವ ಕಾಫಿ ಸಮ್ಮೇಳನವು ಬೆಂಗಳೂರಿನ ಅರಮನೆಯ ಆವರಣದಲ್ಲಿ ಸೇರಿತು. ಏಷ್ಯದಲ್ಲಿ ಅದು ಸೇರಿದುದು ಅದೇ ಮೊದಲು. ಲೋಕವೇ ಮನೆಬಾಗಿಲಿಗೆ ಬಂದಿತೆನ್ನಬಹುದು. ಆದರೆ ಮಲ್ಲಂದೂರಿಗೂ ಇಂಥ ಸಭೆಗೂ ಇರುವ ಅಂತರವನ್ನು ಮೈಲಿಗಳಲ್ಲಿ ಅಳೆಯಲಾಗದು. ದಿನದ ಕೂಲಿಯ ನಷ್ಟ, ಕೂಸನ್ನು ನೋಡಿಕೊಳ್ಳುವವರ ಕೊರತೆ, ಇಂಗ್ಲಿಷಿನ ಅಂಜಿಕೆ ಇವೆಲ್ಲವೂ ಆ ದಾರಿಯ ಗಾವುದಗಳೇ.

ಯೋಗ್ಯತೆ ಬಂದಾಗ ಸ್ಥಾನ ತಾನಾಗಿ ಬರುವುದೆಂದು ಹೇಳುವವರುಂಟು. ಯೋಗ್ಯತೆ ಆಗಲೇ ಇದೆ. ಅದನ್ನು ಯೋಗ್ಯತೆಯೆಂದು ಕರೆಯುವ ವಾಡಿಕೆ ಇಲ್ಲ, ಅಷ್ಟೆ. ಸ್ತ್ರೀಯರಿಗೆ ಪ್ರತ್ಯೇಕ ಸಭೆಗಳಿವೆಯಲ್ಲ ಎಂದು ಇನ್ನು ಕೆಲವರು ಕೇಳಬಹುದು. ಗಣಕಶಾಸ್ತ್ರಜ್ಞೆ ಗ್ರೇಸ್ ಹಾಪರ್ ಅವರ ಹೆಸರಿನಲ್ಲಿ 1994ರಲ್ಲಿ ಅಮೆರಿಕದಲ್ಲಿ ಮೊದಲಾದ ಮಹಿಳಾ ಸಮ್ಮೇಳನದ ಭಾರತದ ಶಾಖೆ 2010ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಅಂಥ ಕೂಟಗಳು ಧೈರ್ಯವನ್ನೂ ಗೆಳೆತನವನ್ನೂ ಕೊಡುತ್ತವೆ, ನಿಜ. ಆದರೆ ಯಂತ್ರದ ಖರೀದಿ ನಿಶ್ಚಯವಾಗುವುದು ಪಕ್ಕದ ಸಭೆಯಲ್ಲಾದರೆ, ಆ ಧೈರ್ಯ ಅಲ್ಲಿಯವರೆಗೂ ನಡೆದುಹೋಗಬೇಕಷ್ಟೆ.

ಬಾಳೆಹೊನ್ನೂರಿನಲ್ಲಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನೆಗೆ ನೂರು ವರ್ಷ ತುಂಬಿದೆ. ಮೂಡಿಗೆರೆಯಲ್ಲಿ ತೋಟಗಾರಿಕೆಯ ಕಾಲೇಜಿದೆ. ಕೊಯ್ಲು, ಸಂಸ್ಕರಣೆ, ಯಂತ್ರಗಳನ್ನು ಕುರಿತ ಪ್ರತಿಯೊಂದು ಗೋಷ್ಠಿಗೂ ಆ ಕೆಲಸ ಮಾಡುವ ಕೆಲವರು ಹೆಂಗಸರನ್ನು, ದಿನಗೂಲಿಯನ್ನೂ ಪ್ರಯಾಣದ ವೆಚ್ಚವನ್ನೂ ಕೊಟ್ಟು, ಕೂಸಿದ್ದವರಿಗೆ ಅದರ ಆರೈಕೆಯ ಏರ್ಪಾಡನ್ನೂ ಮಾಡಿ ಕರೆಯಿಸುವುದು ಉದ್ಯಮಕ್ಕೆ ಭಾರವಾಗಲಾರದು. ಭಾಷೆ ಕಲಿಸುವ ನಮಗೂ ಇಲ್ಲಿ ಕೆಲಸವಿದೆ. ತೋಟದ ಕನ್ನಡ, ತುಳು, ತಮಿಳು ಮಾತುಗಳನ್ನು ಸಭೆಗೂ, ಸಭೆಯ ಇಂಗ್ಲಿಷನ್ನು ತೋಟಕ್ಕೂ ದಾಟಿಸುವ ದುಭಾಷಿಗಳಾಗಿ ಮಲೆನಾಡಿನ ಕಾಲೇಜುಗಳ ವಿದ್ಯಾರ್ಥಿನಿಯರು ಸಿದ್ಧರಾಗಬೇಕು. ಮುಂದಿನ ಸಮ್ಮೇಳನದ ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನವೇ ವ್ಯವಸ್ಥಾಪಕರೂ ಅಧ್ಯಾಪಕರೂ ಈ ಮಾತನ್ನು ಯೋಚಿಸಲೆಂದು ನನ್ನ ವಿಜ್ಞಾಪನೆ.