ಮರಗಳು ಬರೆದಿಟ್ಟ ಲೆಕ್ಕ

ಏಪ್ರಿಲ್ ಮೊದಲ ವಾರದಲ್ಲಿ ಜಪಾನಿನ ಕ್ಯೋಟೋ ನಗರದ ಚೆರ್ರಿ ತೋಪುಗಳಲ್ಲಿ ಕಾಲಿಡಲು ಜಾಗ ಸಿಗುವುದು ಕಷ್ಟ. ಅಲ್ಲಿಂದ ಉತ್ತರಕ್ಕೆ, ಫುಕುಯಿ ಪ್ರಾಂತ್ಯದಲ್ಲಿ ಮರುವೊಕ ಎಂಬ ಪುಟ್ಟ ಕೋಟೆಯಿದೆ. ಬೆಳಗಿನ ಹೊತ್ತು ಹೋದವರಿಗೆ ಅಲ್ಲಿ ಹಕ್ಕಿಗಳ ದನಿ ಕೇಳುವಷ್ಟು ನಿಶ್ಶಬ್ದ. ಗುಡ್ಡದ ಸುತ್ತ ಸುಮಾರು 400 ಚೆರ್ರಿ ಮರಗಳು; ಬಿಳಿ ಹೂಗಳ ಮೇಲೆ ತೇಲುವಂತೆ ಕಾಣುವ ಕಪ್ಪು ಗೋಪುರ. ಇದಕ್ಕೆ ‘ಮಂಜಿನ ಕೋಟೆ’ ಎಂಬ ಹೆಸರೂ ಉಂಟು. ಶತ್ರುಗಳು ಬಂದಾಗಲೆಲ್ಲ ದೊಡ್ಡ ಸರ್ಪವೊಂದು ಮಂಜು ಉಗುಳಿ ಕೋಟೆಯನ್ನು ಮರೆಮಾಡುತ್ತಿತ್ತೆಂದು ಕಥೆ.

ಹತ್ತಿರ ಹೋದರೆ ಇನ್ನೊಂದು ಅಚ್ಚರಿ. ಗೋಪುರದ ಛಾವಣಿಗೆ ಹೊದಿಸಿರುವುದು ಮಣ್ಣಿನ ಹೆಂಚಲ್ಲ, ಕಲ್ಲಿನ ಹೆಂಚು. ಒಳಗಿನ ಮೆಟ್ಟಿಲುಗಳು ಏಣಿಯಷ್ಟೇ ಕಡಿದು. ಹಗ್ಗ ಹಿಡಿದೇ ಹತ್ತಬೇಕು.

ಇಲ್ಲಿಯ ಚೆರ್ರಿಗಳೆಲ್ಲ ಏಕಕಾಲಕ್ಕೆ ಅರಳುವುದೇಕೆ? ಜಪಾನಿನ ಉದ್ಯಾನಗಳಲ್ಲಿ ಹೆಚ್ಚಾಗಿ ಕಾಣುವ ‘ಸೊಮೆಯ್ ಯೊಶಿನೊ’ ತಳಿಯನ್ನು ಬೀಜದಿಂದ ಬೆಳೆಸುವುದಿಲ್ಲ, ಕಸಿ ಕಟ್ಟಿ ಬೆಳೆಸುತ್ತಾರೆ. ಆದ್ದರಿಂದ ಎಲ್ಲ ಮರಗಳ ವಂಶವಾಹಿಗಳೂ ಒಂದೇ. ಹಿಂದಿನ ಬೇಸಿಗೆಯಲ್ಲೇ ಮೂಡಿದ ಮೊಗ್ಗು ನಿದ್ರೆಗೆ ಜಾರುತ್ತದೆ. ಚಳಿಗಾಲದ ಶೀತ ಆ ನಿದ್ರೆಯನ್ನು ಕಳೆಯುತ್ತದೆ. ವಸಂತದ ಬಿಸಿಲು ಹೂ ಬಿಡಿಸುತ್ತದೆ. ಚಳಿ ಎಷ್ಟಿತ್ತು, ಬಿಸಿ ಯಾವಾಗ ಬಂತು ಎಂಬ ಲೆಕ್ಕವನ್ನು ಮರ ತಪ್ಪದೆ ಇಡುತ್ತದೆ.

ಮರದ ಇನ್ನೊಂದು ಲೆಕ್ಕ ಗೋಪುರದ ಕಂಬಗಳಲ್ಲಿದೆ. ಇದನ್ನು 1576ರಲ್ಲಿ ಕಟ್ಟಲಾಯಿತು, ಜಪಾನಿನಲ್ಲಿ ಉಳಿದಿರುವ ಹನ್ನೆರಡು ಮೂಲ ಗೋಪುರಗಳಲ್ಲಿ ಇದೇ ಹಳೆಯದು ಎಂಬುದು ಊರಿನವರ ಹೆಮ್ಮೆಯಾಗಿತ್ತು. 1934ರಲ್ಲಿ ಅದು ರಾಷ್ಟ್ರೀಯ ನಿಧಿಯೆನಿಸಿತು. 1948ರ ಜೂನ್ 28ರಂದು ಸಂಭವಿಸಿದ ಫುಕುಯಿ ಭೂಕಂಪ 3700ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು, ಗೋಪುರವೂ ಕುಸಿಯಿತು. ಬಿದ್ದ ಮರ, ಕಲ್ಲುಗಳನ್ನೇ ಆದಷ್ಟೂ ಆಯ್ದು 1955ರಲ್ಲಿ ಮತ್ತೆ ನಿಲ್ಲಿಸಿದರು. ಆದರೆ 1950ರ ಹೊಸ ಕಾನೂನಿನಡಿ ಸಿಕ್ಕಿದ್ದು ‘ಮುಖ್ಯ ಸಾಂಸ್ಕೃತಿಕ ಆಸ್ತಿ’ ಎಂಬ ಒಂದು ಮೆಟ್ಟಿಲು ಕೆಳಗಿನ ಸ್ಥಾನ.

ಹಳೆಯ ಗೌರವವನ್ನು ಮರಳಿ ಪಡೆಯಬೇಕೆಂಬ ಆಸೆಯಿಂದ ಕೋಟೆಯಿರುವ ಸಕಾಯ್ ನಗರದ ಆಡಳಿತವೇ ವೈಜ್ಞಾನಿಕ ಪರೀಕ್ಷೆ ಮಾಡಿಸಿತು. ಮರ ವರ್ಷಕ್ಕೊಂದು ಉಂಗುರ ಬೆಳೆಸುತ್ತದೆ. ಉಂಗುರಗಳ ಅಗಲ ಕಿರಿದುಗಳ ಸಾಲನ್ನು ಕಾಲ ತಿಳಿದಿರುವ ಮರಗಳ ಸಾಲಿನೊಡನೆ ಹೊಂದಿಸಿದರೆ, ಮರ ಬೆಳೆದ ಕಾಲ ತಿಳಿಯುತ್ತದೆ. ಹೊರಗಿನ ಕೊನೆಯ ಉಂಗುರ ಉಳಿದಿದ್ದರೆ ಕಡಿದ ವರ್ಷವೂ ಸಿಗುತ್ತದೆ. ಜೊತೆಗೆ ವಿಕಿರಣಶೀಲ ಇಂಗಾಲದ ಪರೀಕ್ಷೆಯೂ ನಡೆಯಿತು. 2019ರಲ್ಲಿ ಹೊರಬಂದ ಉತ್ತರ ಊರಿಗೆ ಕಹಿಯಾಗಿತ್ತು: ಗೋಪುರ ಕಟ್ಟಿದ್ದು 1576ರಲ್ಲಲ್ಲ, 1624ರಿಂದ 1644ರ ನಡುವಣ ಕಾನ್‌ಏಯ್ ಕಾಲದಲ್ಲಿ. ‘ಅತ್ಯಂತ ಹಳೆಯದು’ ಎಂಬ ಕಿರೀಟ ಜಾರಿತು.

ತಮಗೇ ನಷ್ಟವಾಗುವ ಫಲಿತಾಂಶವನ್ನು ಮುಚ್ಚಿಡದೆ ಪ್ರಕಟಿಸಿದರಲ್ಲ, ಮೆಚ್ಚಬೇಕಾದದ್ದು ಅದನ್ನು. ಪ್ರಯೋಗಶಾಲೆಯಲ್ಲಿ ಬೇಕಾದ ಉತ್ತರವನ್ನು ಮೊದಲೇ ಬರೆದಿಟ್ಟುಕೊಂಡು ಅಳತೆ ಮಾಡುವ ವಿದ್ಯಾರ್ಥಿ ಏನನ್ನೂ ಕಲಿಯುವುದಿಲ್ಲ. ಐವತ್ತು ವರ್ಷ ಕಿರಿಯದಾದ ಮಾತ್ರಕ್ಕೆ ಕೋಟೆಯ ಚೆಲುವು ಕುಂದಲಿಲ್ಲ. ಮರುವೊಕದ ಮರಗಳು ಈಗಲೂ ತಮ್ಮ ಲೆಕ್ಕದಂತೆ ಅರಳುತ್ತವೆ, ನಾಲ್ಕಾರು ದಿನಗಳಲ್ಲಿ ಉದುರಿ ಕಲ್ಲುಗೋಡೆಯ ಬುಡವನ್ನು ಬೆಳ್ಳಗೆ ಮಾಡುತ್ತವೆ.